ಪ್ರೈಡ್ ಅಂಡ್ ಪ್ರಿಜುಡಿಸ್ ಓದುವಾಗ ಪಕ್ಕದಲ್ಲೊಂದು ಲೆಕ್ಕದ ವಹಿ ಇರಲಿ

ಮುಂಬಯಿಯ ನಮ್ಮ ಕನ್ನಡ ಓದುಗರ ನಡುವೆ ಜೇನ್ ಆಸ್ಟೆನ್ ಬರೆದ ಇಂಗ್ಲಿಷ್ ಕಾದಂಬರಿ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಮಾತಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ. ಮಾಟುಂಗದವರೂ ಕೇಳುತ್ತಾರೆ, ಡೊಂಬಿವಲಿಯವರೂ ಕೇಳುತ್ತಾರೆ: “ಲೋಕವೆಲ್ಲ ಮೆಚ್ಚಿದ ಪ್ರೇಮಕಥೆ ಅಂದಿರಿ. ತೆರೆದು ನೋಡಿದರೆ ಯಾರಿಗೆ ಎಷ್ಟು ವರಮಾನ, ಯಾರ ಮಗಳ ಹೆಸರಿನಲ್ಲಿ ಎಷ್ಟು ಗಂಟು ಎಂಬ ಮಾತೇ ತುಂಬಿದೆ. ಇದರಲ್ಲಿ ಪ್ರೀತಿ ಎಲ್ಲಿದೆ?” ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರದು ಇನ್ನೊಂದು ಬಗೆ. ಅವರು ದುಡ್ಡಿನ ಮಾತು ಬಂದಲ್ಲೆಲ್ಲ ಪುಟ ಹಾರಿಸುತ್ತಾರೆ. ಕೊನೆಗೆ, ಹುಡುಗಿ ಅಷ್ಟು ದೊಡ್ಡ ಸಂಬಂಧವನ್ನು ಮೊದಲು ಬೇಡವೆಂದದ್ದೇಕೆ, ಆಮೇಲೆ ಒಪ್ಪಿದ್ದೇಕೆ ಎಂಬಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಬ್ಬರಿಗೂ ನಾನು ಹೇಳುವುದು ಒಂದೇ: ಲೆಕ್ಕ ಬರೆದುಕೊಂಡು ಓದಿ. ಯಾರು ಏನನ್ನು ಒಲ್ಲೆ ಎಂದರು, ಹಾಗೆಂದದ್ದರಿಂದ ಅವರ ಕೈಯಿಂದ ಹೋದದ್ದೆಷ್ಟು ಎಂಬುದು ಅಂಕಿಯಲ್ಲಿ ಕಂಡಾಗಲೇ ಈ ಕಾದಂಬರಿಯ ಪ್ರೀತಿಗೆ ತೂಕ ಬರುವುದು. ಹೇಗೆ ಓದಬೇಕೆಂದು ಹಂತಹಂತವಾಗಿ ಬರೆದಿದ್ದೇನೆ. ಕಥೆಯ ಕೊನೆಯವರೆಗಿನ ಸಂಗತಿಗಳು ಇದರಲ್ಲಿ ಬರುತ್ತವೆ. ತಿರುವುಗಳನ್ನು ತಾವೇ ಕಂಡುಕೊಳ್ಳಬೇಕು ಎನ್ನುವವರು ಎರಡನೇ ಹಂತ ಮುಗಿಸಿ, ಪುಸ್ತಕ ಓದಿ, ಮತ್ತೆ ಇಲ್ಲಿಗೆ ಬನ್ನಿ.

ಮೊದಲು ಬೇಕಾದದ್ದು

ಪುಸ್ತಕ, ಒಂದು ಇನ್ನೂರು ಪುಟದ ವಹಿ, ಪೆನ್ಸಿಲ್. ಪುಸ್ತಕಕ್ಕೆ ಹೆಚ್ಚು ಖರ್ಚಿಲ್ಲ. ಕಿಂಗ್ಸ್ ಸರ್ಕಲ್ ಮತ್ತು ಫೋರ್ಟಿನ ಫುಟ್‌ಪಾತ್ ಅಂಗಡಿಗಳಲ್ಲಿ ಹಳೆಯ ಪ್ರತಿ ಹುಡುಕಿದರೆ ಸಿಕ್ಕೀತು. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪೂರ್ತಿ ಪಠ್ಯ ಉಚಿತವಾಗಿದೆ. ಮೊಬೈಲಿಗೆ ಇಳಿಸಿಕೊಂಡು ಲೋಕಲ್‌ನಲ್ಲಿ ಓದಬಹುದು. ಅಧ್ಯಾಯಗಳು ಚಿಕ್ಕವು. ದಾದರ್‌ನಲ್ಲಿ ಸೀಟು ಸಿಕ್ಕಿದರೆ ಡೊಂಬಿವಲಿ ಬರುವಷ್ಟರಲ್ಲಿ ಎರಡು ಮೂರು ಅಧ್ಯಾಯ ಸಲೀಸಾಗಿ ಮುಗಿಯುತ್ತವೆ.

ಎರಡು ಎಚ್ಚರಿಕೆ. ಶಾಲಾಮಕ್ಕಳಿಗೆಂದು ಸಂಕ್ಷೇಪಿಸಿದ ಪ್ರತಿ ಬೇಡ. ಕತೆಯನ್ನು ಕಿರಿದು ಮಾಡುವವರ ಕತ್ತರಿ ಮೊದಲು ಬೀಳುವುದೇ ಆಸ್ತಿಪಾಸ್ತಿಯ ಪುಟಗಳ ಮೇಲೆ. ಎರಡನೆಯದು ಅಧ್ಯಾಯದ ಸಂಖ್ಯೆ. 1813ರ ಜನವರಿಯಲ್ಲಿ ಈ ಕಾದಂಬರಿ ಮೂರು ಸಂಪುಟಗಳಲ್ಲಿ ಬಂತು. ಇಂದಿಗೂ ಕೆಲವು ಮುದ್ರಣಗಳು ಪ್ರತಿ ಸಂಪುಟಕ್ಕೂ ಒಂದರಿಂದ ಎಣಿಕೆ ಶುರುಮಾಡುತ್ತವೆ, ಉಳಿದವು 1ರಿಂದ 61ರವರೆಗೆ ಒಟ್ಟಾಗಿ ಎಣಿಸುತ್ತವೆ. ನಾನು ಇಲ್ಲಿ ಕೊಡುವುದು ಒಟ್ಟು ಎಣಿಕೆ. ನಿಮ್ಮ ಪ್ರತಿಯಲ್ಲಿ ಸಂಪುಟಗಳಿದ್ದರೆ ಎರಡನೆಯದು 24ಕ್ಕೂ ಮೂರನೆಯದು 43ಕ್ಕೂ ಆರಂಭ ಎಂದು ಮೊದಲ ಹಾಳೆಯಲ್ಲೇ ಗುರುತು ಹಾಕಿಕೊಳ್ಳಿ.

ಹಂತ 1: ಎರಡು ಬಗೆಯ ಅಂಕಿಗಳನ್ನು ಬೇರೆಬೇರೆ ಮಾಡಿ

ವಹಿಯ ಪುಟದ ನಡುವೆ ಗೆರೆ ಎಳೆದು ಎರಡು ಅಂಕಣ ಮಾಡಿ. ಎಡಕ್ಕೆ ‘ವರ್ಷದ ವರಮಾನ’, ಬಲಕ್ಕೆ ‘ಇಡುಗಂಟು’. ಈ ಕಾದಂಬರಿಯಲ್ಲಿ ಗಂಡಸರ ಸಿರಿತನವನ್ನು ಸಾಮಾನ್ಯವಾಗಿ ವರ್ಷದ ವರಮಾನದಲ್ಲಿ ಹೇಳುತ್ತಾರೆ, ಹೆಣ್ಣುಮಕ್ಕಳದನ್ನು ಇಡುಗಂಟಿನಲ್ಲಿ. ಕಾರಣ ಸರಳ. ಜಮೀನು ಗಂಡಸಿನ ಕೈಯಲ್ಲಿರುತ್ತದೆ, ಅದರಿಂದ ವರ್ಷವರ್ಷ ಗೇಣಿ ಬರುತ್ತದೆ. ಹೆಣ್ಣುಮಗಳಿಗೆ ಸಾಮಾನ್ಯವಾಗಿ ಜಮೀನಿಲ್ಲ, ಮದುವೆಯಾಗಿ ಹೋಗುವಾಗ ಅವಳ ಜೊತೆ ಹೋಗುವುದು ನಗದು.

ಓದುತ್ತ ಹೋದಂತೆ ಇವಿಷ್ಟನ್ನು ತುಂಬಿಕೊಳ್ಳಿ:

ನಾಯಕ ಡಾರ್ಸಿ: ವರ್ಷಕ್ಕೆ 10,000 ಪೌಂಡ್ (ಅಧ್ಯಾಯ 3).
ಡಾರ್ಸಿಯ ಗೆಳೆಯ ಬಿಂಗ್ಲಿ: ವರ್ಷಕ್ಕೆ 4,000ದಿಂದ 5,000 (ಅಧ್ಯಾಯ 1), ತಂದೆ ಬಿಟ್ಟುಹೋದ ಗಂಟು ಹೆಚ್ಚುಕಡಿಮೆ 1,00,000 (ಅಧ್ಯಾಯ 4).
ಬೆನೆಟ್, ಅಂದರೆ ನಾಯಕಿಯ ತಂದೆ: ವರ್ಷಕ್ಕೆ 2,000 (ಅಧ್ಯಾಯ 7).
ಬಿಂಗ್ಲಿಯ ತಂಗಿ ಕ್ಯಾರೊಲಿನ್: ಗಂಟು 20,000 (ಅಧ್ಯಾಯ 4).
ಡಾರ್ಸಿಯ ತಂಗಿ ಜಾರ್ಜಿಯಾನಾ: ಗಂಟು 30,000 (ಅಧ್ಯಾಯ 35).
ಮಿಸ್ ಕಿಂಗ್: ಗಂಟು 10,000 (ಅಧ್ಯಾಯ 26).
ನಾಯಕಿ ಎಲಿಜಬೆತ್: ಗಂಟು 1,000, ಅದೂ ತಾಯಿ ತೀರಿಹೋದ ಮೇಲೆ (ಅಧ್ಯಾಯ 19).

ಹೆಚ್ಚಿನವರು ಜಾರಿಬೀಳುವ ಜಾಗ ಇದೇ. ಡಾರ್ಸಿಗೂ ಹತ್ತು ಸಾವಿರ, ಮಿಸ್ ಕಿಂಗ್‌ಗೂ ಹತ್ತು ಸಾವಿರ ಎಂದು ಓದಿಕೊಂಡರೆ ಇಡೀ ಕಥೆಯ ತಕ್ಕಡಿ ತಪ್ಪುತ್ತದೆ. ಅವನದು ವರ್ಷವರ್ಷವೂ ಬರುವ ಹತ್ತು ಸಾವಿರ, ಅವಳದು ಒಂದೇ ಸಲದ್ದು. ಎರಡನ್ನೂ ಒಂದೇ ಅಳತೆಗೆ ತರಲು ನೂರಕ್ಕೆ ನಾಲ್ಕೋ ಐದೋ ಬಡ್ಡಿ ಹಿಡಿಯಿರಿ. ಈ ಸೂತ್ರವನ್ನು ಪುಸ್ತಕದೊಳಗೇ ಪರೀಕ್ಷಿಸಬಹುದು: ಬಿಂಗ್ಲಿಯ ಒಂದು ಲಕ್ಷಕ್ಕೆ ನಾಲ್ಕೈದು ಸಾವಿರ ವರಮಾನ ಸರಿಹೊಂದುತ್ತದೆ. ಅದರಂತೆ ಮಿಸ್ ಕಿಂಗ್‌ಗೆ ವರ್ಷಕ್ಕೆ 400ರಿಂದ 500 ಪೌಂಡ್. ಎಲಿಜಬೆತಳ ಹಣ ‘ಫೋರ್ ಪರ್ಸೆಂಟ್ಸ್’ನಲ್ಲಿದೆ, ಅಂದರೆ ನೂರಕ್ಕೆ ನಾಲ್ಕು ಬಡ್ಡಿ ಕೊಡುವ ಸರ್ಕಾರಿ ಸಾಲಪತ್ರದಲ್ಲಿ. ಅವಳ ಪಾಲಿಗೆ ವರ್ಷಕ್ಕೆ 40 ಪೌಂಡ್.

ಆ ನಲವತ್ತನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಮುಂದೆ ಎಲ್ಲವನ್ನೂ ಅದರಿಂದಲೇ ಅಳೆಯಬೇಕು. ಇಂದಿನ ರೂಪಾಯಿಗೆ ಪರಿವರ್ತಿಸುವ ಗೋಜಿಗೆ ಹೋಗಬೇಡಿ. ಇನ್ನೂರು ವರ್ಷ ಹಿಂದಿನ ಮನೆಬಾಡಿಗೆ, ಆಳುಗಳ ಸಂಬಳ, ಬಟ್ಟೆಯ ಬೆಲೆ ಯಾವುದೂ ಒಂದೇ ಪ್ರಮಾಣದಲ್ಲಿ ಏರಿಲ್ಲ, ನಿಮ್ಮ ಉತ್ತರ ಹಾದಿ ತಪ್ಪಿಸುತ್ತದೆ. ಪುಸ್ತಕದೊಳಗಿನ ಅನುಪಾತ ಸಾಕು. ಡಾರ್ಸಿಯ ವರಮಾನ ಎಲಿಜಬೆತಳದರ 250 ಪಟ್ಟು. ಇನ್ನೊಂದು ಅಳತೆ ಬೇಕಿದ್ದರೆ ಈ ಕಾದಂಬರಿಯ ಬೆಲೆಯನ್ನೇ ನೋಡಿ. ಮೊದಲ ಮುದ್ರಣದ ಮೂರು ಸಂಪುಟಕ್ಕೆ 18 ಶಿಲಿಂಗ್. 20 ಶಿಲಿಂಗಿಗೆ ಒಂದು ಪೌಂಡ್. ವರ್ಷಕ್ಕೆ 40 ಪೌಂಡ್ ಎಂದರೆ ವಾರಕ್ಕೆ ಸುಮಾರು 15 ಶಿಲಿಂಗ್. ಎಲಿಜಬೆತಳಂಥವಳು ಒಂಟಿಯಾಗಿ ಬದುಕುತ್ತಿದ್ದರೆ ಒಂದು ವಾರದ ದುಡ್ಡೆಲ್ಲ ಸುರಿದರೂ ತನ್ನದೇ ಕಥೆಯನ್ನು ಕೊಂಡು ಓದಲಾಗುತ್ತಿರಲಿಲ್ಲ. ಇದರ ಹಕ್ಕನ್ನು ಆಸ್ಟೆನ್ ಪ್ರಕಾಶಕರಿಗೆ ಪೂರ್ತಿಯಾಗಿ ಮಾರಿದ್ದು 110 ಪೌಂಡಿಗೆ. ಆಕೆ ಮದುವೆಯಾಗಲಿಲ್ಲ, ದುಡ್ಡಿನ ಬಿಗಿ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಗಂಟು ಎಲ್ಲಿಂದ ಬಂತು ಎಂಬುದನ್ನೂ ಅಂಚಿನಲ್ಲಿ ಬರೆಯಿರಿ. ಬಿಂಗ್ಲಿಯದು ವ್ಯಾಪಾರದ ಹಣ, ಡಾರ್ಸಿಯದು ತಲೆತಲಾಂತರದ ಜಮೀನು. ಊರಿನ ಗುತ್ತಿನ ಮನೆಯವರಿಗೂ ಮುಂಬಯಿಯಲ್ಲಿ ಹೋಟೆಲ್ ನಡೆಸಿ ಗಳಿಸಿದವರಿಗೂ ನಡುವೆ ಒಂದು ಕಾಲಕ್ಕೆ ಇದ್ದ ಮರ್ಯಾದೆಯ ಅಂತರವನ್ನು ನೆನೆದರೆ, ಬಿಂಗ್ಲಿಯ ತಂಗಿಯರಿಗೆ ಅಣ್ಣ ಆದಷ್ಟು ಬೇಗ ಎಸ್ಟೇಟು ಕೊಳ್ಳಲಿ ಎಂಬ ಆತುರ ಯಾಕೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಹಂತ 2: ‘ಎಂಟೇಲ್’ ಎಂಬ ಗಂಟನ್ನು ಬಿಡಿಸಿಕೊಳ್ಳಿ

7ನೇ ಅಧ್ಯಾಯದ ಮೊದಲ ಪ್ಯಾರಾವನ್ನು ಎರಡು ಸಲ ಓದಿ. ಬೆನೆಟ್‌ಗೆ ಐದು ಹೆಣ್ಣುಮಕ್ಕಳು, ಗಂಡುಸಂತಾನವಿಲ್ಲ. ಅವನ ಲಾಂಗ್‌ಬರ್ನ್ ಎಸ್ಟೇಟು ಎಂಟೇಲ್ ಆಗಿದೆ. ಎಂಟೇಲ್ ಎಂದರೆ ಆಸ್ತಿ ಮುಂದೆ ಯಾವ ಸಾಲಿನಲ್ಲಿ ಇಳಿಯಬೇಕೆಂದು ಹಿರಿಯರು ಪತ್ರ ಮಾಡಿಟ್ಟ ಕಟ್ಟು. ಈಗಿನ ಯಜಮಾನ ಬದುಕಿರುವವರೆಗೆ ಅದರ ಹುಟ್ಟುವಳಿ ಉಣ್ಣಬಹುದು. ಮಾರುವ ಹಾಗಿಲ್ಲ, ಮಗಳ ಹೆಸರಿಗೆ ಉಯಿಲು ಬರೆಯುವ ಹಾಗಿಲ್ಲ. ಅವನ ನಂತರ ಮನೆ, ಜಮೀನು ಎರಡೂ ದೂರದ ದಾಯಾದಿ ಕಾಲಿನ್ಸ್ ಎಂಬ ಪಾದ್ರಿಗೆ.

ಇಲ್ಲಿಂದ ನೇರ 50ನೇ ಅಧ್ಯಾಯದ ಆರಂಭಕ್ಕೆ ಹಾರಿ, ಒಂದೆರಡು ಪುಟ ಓದಿ ಮರಳಿ. ಮದುವೆಯಾದ ಹೊಸತರಲ್ಲಿ ಬೆನೆಟ್ ಉಳಿತಾಯದ ಯೋಚನೆಯನ್ನೇ ಮಾಡಲಿಲ್ಲ. ಗಂಡುಮಗು ಹುಟ್ಟುತ್ತದೆ, ಪ್ರಾಯಕ್ಕೆ ಬಂದಾಗ ತಂದೆ-ಮಗ ಸೇರಿ ಕಟ್ಟು ಬಿಡಿಸಿದರಾಯಿತು ಎಂದುಕೊಂಡ. ಮಗ ಹುಟ್ಟಲಿಲ್ಲ. ಹೆಂಡತಿ ಮಕ್ಕಳ ಹೆಸರಿಗೆ ಮದುವೆಯ ಕರಾರಿನಲ್ಲಿ ಇಟ್ಟಿದ್ದು ಒಟ್ಟು 5,000 ಪೌಂಡ್. ಬಡ್ಡಿ ಹಾಕಿ ನೋಡಿ. ಇಂದು ವರ್ಷಕ್ಕೆ 2,000ದಲ್ಲಿ ಬದುಕುವ ಮನೆ, ಯಜಮಾನ ಕಣ್ಣುಮುಚ್ಚಿದ ಮರುದಿನ 200ಕ್ಕೆ ಇಳಿಯುತ್ತದೆ. ಇರಲು ಮನೆಯೂ ಇಲ್ಲ, ತಿನ್ನುವ ಬಾಯಿ ಆರು. ಮಗಳಂದಿರ ಮದುವೆ ಮದುವೆ ಎಂದು ಬಡಬಡಿಸುವ ತಾಯಿಯನ್ನು ನೋಡಿ ನಗುವ ಓದುಗರು ಈ ಲೆಕ್ಕ ಮಾಡಿದ ಮೇಲೆ ಸ್ವಲ್ಪ ತಡೆಯುತ್ತಾರೆ. ಅವಳ ದಾರಿ ಒರಟು, ಮಾತು ಅಪ್ಪಟ ಅವಿವೇಕ; ಆದರೆ ಅವಳ ಭಯ ನಿಜ. ಮನೆಯಲ್ಲಿ ಆ ಭಯವನ್ನು ಬಾಯಿಬಿಟ್ಟು ಹೇಳುವವಳು ಅವಳೊಬ್ಬಳೇ. ಪುಸ್ತಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ತಂದೆಯ ಮೇಲೆ ನನಗೆ ಅವಳ ಮೇಲಿಗಿಂತ ಹೆಚ್ಚು ಸಿಟ್ಟಿದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ: “ಆಗ ಇಂಗ್ಲೆಂಡಿನಲ್ಲಿ ಹೆಣ್ಣಿಗೆ ಆಸ್ತಿಯೇ ಇರಲಿಲ್ಲ.” ಹಾಗಲ್ಲ. 29ನೇ ಅಧ್ಯಾಯದಲ್ಲಿ ಲೇಡಿ ಕ್ಯಾಥರೀನ್ (ಡಾರ್ಸಿಯ ತಾಯಿಯ ಸಹೋದರಿ, ಕಾಲಿನ್ಸ್‌ಗೆ ಪಾದ್ರಿ ಹುದ್ದೆ ಕೊಟ್ಟ ಶ್ರೀಮಂತೆ), ಹೆಣ್ಣುಸಂತತಿಗೆ ಆಸ್ತಿ ತಪ್ಪಿಸುವ ಅಗತ್ಯ ತನಗೆ ಕಾಣುವುದಿಲ್ಲ, ತನ್ನ ಗಂಡನ ಮನೆತನದಲ್ಲಿ ಹಾಗೆ ಮಾಡಲಿಲ್ಲ ಎನ್ನುತ್ತಾಳೆ. ಅವಳ ಮಗಳು ರೋಸಿಂಗ್ಸ್ ಎಸ್ಟೇಟಿನ ವಾರಸುದಾರಳು. ಬೆನೆಟ್ ಮಕ್ಕಳನ್ನು ಬೀದಿಗೆ ತರುವುದು ಅವರ ಮನೆತನದ ಆ ಒಂದು ಪತ್ರ.

ಮುಂಬಯಿಯ ಕನ್ನಡಿಗರಲ್ಲಿ ಕರಾವಳಿಯಿಂದ ಬಂದ ಅಳಿಯಸಂತಾನದ ಕುಟುಂಬಗಳು ಬಹಳ. ಅವರೊಂದಿಗೆ ಈ ಅಧ್ಯಾಯ ಓದಿದರೆ ಚರ್ಚೆ ಬೇರೆಯೇ ಹದಕ್ಕೆ ಬರುತ್ತದೆ. ಅಳಿಯಸಂತಾನದಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಹಕ್ಕು ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. ತಂದೆಯ ಮನೆಯಿಂದ ಏನೂ ಬಾರದಿದ್ದರೂ ತಾಯಿಮನೆಯ ನೆಲೆ ತಪ್ಪುತ್ತಿರಲಿಲ್ಲ. ಆಸ್ತಿ ತಂದೆಯ ಸಾಲಿನಲ್ಲಿ ಇಳಿಯುವ ಮಕ್ಕಳ ಕಟ್ಟಿನ ಕಡೆಯವರಿಗೆ ಬೇರೆ ಹೋಲಿಕೆ: ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟವು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಗೋವಾದಲ್ಲಿ ನೆಲೆಸಿದ ನಮ್ಮವರಿಗೆ ಇನ್ನೊಂದು. ಅಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡಿನಿಂದ ಬಂದ ಪದ್ಧತಿ. ತಂದೆತಾಯಿ ತಮ್ಮ ಆಸ್ತಿಯ ಅರ್ಧವನ್ನು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಉಳಿಸಲೇಬೇಕು.

ಹಂತ 3: 19, 22, 34. ಈ ಮೂರು ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ಓದಿ

ಪುಸ್ತಕದ ಜೀವ ಇಲ್ಲಿದೆ, ಅವಸರ ಬೇಡ.

19ನೇ ಅಧ್ಯಾಯದಲ್ಲಿ ಕಾಲಿನ್ಸ್ ಎಲಿಜಬೆತಳನ್ನು ಮದುವೆಗೆ ಕೇಳುತ್ತಾನೆ. ಅವನ ಮಾತನ್ನು ಗಟ್ಟಿಯಾಗಿ ಓದಿ. ತಾನು ಮದುವೆಯಾಗಲು ಕಾರಣಗಳನ್ನು ಒಂದು, ಎರಡು, ಮೂರು ಎಂದು ಎಣಿಸುತ್ತಾನೆ: ಪಾದ್ರಿಯಾದವನು ಊರಿಗೆ ಮಾದರಿಯಾಗಬೇಕು, ತನ್ನ ಸುಖ ಹೆಚ್ಚುತ್ತದೆ, ಲೇಡಿ ಕ್ಯಾಥರೀನ್ ಹಾಗೆಂದು ಅಪ್ಪಣೆ ಮಾಡಿದ್ದಾಳೆ. ಕೊನೆಗೆ, ನಿನಗೆ ತಾಯಿಯ ನಂತರ ಬರುವುದು ಬರೀ ಸಾವಿರ ಪೌಂಡ್ ಎಂದು ನನಗೆ ಗೊತ್ತು, ಆದರೂ ಮದುವೆಯಾದ ಮೇಲೆ ಅದನ್ನು ಎತ್ತಿ ಆಡುವುದಿಲ್ಲ ಎಂದು ಭರವಸೆ ಕೊಡುತ್ತಾನೆ. ಎತ್ತಿ ಆಡುವುದಿಲ್ಲ ಎನ್ನುವ ಮಾತಿನಲ್ಲೇ ಎತ್ತಿ ಆಡಿದ್ದೂ ಆಯಿತು. ವಧೂಪರೀಕ್ಷೆಯ ದಿನ “ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಅದು ನಿಮ್ಮಿಷ್ಟ” ಎಂದ ಗಂಡಿನ ಕಡೆಯವರ ದನಿ ಕೇಳಿದವರು ಈ ಪ್ಯಾರಾದಲ್ಲಿ ಅದನ್ನು ಗುರುತಿಸುತ್ತಾರೆ.

ಎಲಿಜಬೆತ್ ಒಲ್ಲೆ ಎನ್ನುತ್ತಾಳೆ. ಈಗ ವಹಿ ತೆರೆಯಿರಿ. ಒಪ್ಪಿದ್ದರೆ ತಂದೆಯ ನಂತರ ಆ ಮನೆಯ ಯಜಮಾನಿ ಅವಳೇ. ತಾಯಿಗೂ ನಾಲ್ವರು ಅಕ್ಕತಂಗಿಯರಿಗೂ ಸೂರು ಖಾತ್ರಿ. ಒಪ್ಪದಿದ್ದರೆ ಕೈಯಲ್ಲಿ ಉಳಿಯುವುದು ಕೆಂಪು ಶಾಯಿಯ ಆ ನಲವತ್ತು. ಈ ಲೆಕ್ಕವಿಲ್ಲದೆ ಓದಿದವರಿಗೆ ಅವಳ ನಿರಾಕರಣೆ ಚುರುಕು ಹುಡುಗಿಯ ತುಂಟತನವಾಗಿ ಕಾಣುತ್ತದೆ. ಲೆಕ್ಕವಿಟ್ಟು ಓದಿ, ಇಪ್ಪತ್ತು ವರ್ಷದ ಹುಡುಗಿ ಐದು ಜನರ ನೆಲೆಯನ್ನು ಎದುರಿಗಿಟ್ಟುಕೊಂಡು ಆ ಮಾತು ಆಡುತ್ತಿದ್ದಾಳೆ.

22ನೇ ಅಧ್ಯಾಯದಲ್ಲಿ ಅದೇ ಕಾಲಿನ್ಸ್‌ಗೆ ಅವಳ ಗೆಳತಿ ಶಾರ್ಲೆಟ್ ಹೂಂ ಎನ್ನುತ್ತಾಳೆ. ಅವಳಿಗೆ 27. ರೂಪವಿಲ್ಲ, ಗಂಟಿಲ್ಲ. ತನಗೆ ಬೇಕಾದದ್ದು ನೆಮ್ಮದಿಯ ಮನೆಯೊಂದೇ ಎಂದು ಎಲಿಜಬೆತಳ ಮುಖಕ್ಕೇ ಹೇಳುತ್ತಾಳೆ. ನಮ್ಮ ಚರ್ಚೆಗಳಲ್ಲಿ ಹೆಚ್ಚು ಕಾವೇರುವುದು ಇಲ್ಲೇ. ಯುವಕರು ಶಾರ್ಲೆಟ್‌ಳನ್ನು ದುಡ್ಡಿಗೆ ಮಾರಿಕೊಂಡವಳೆಂದು ಬೈಯುತ್ತಾರೆ. ಕೂಡುಕುಟುಂಬದಲ್ಲಿ ಮದುವೆಯಾಗದೆ ಉಳಿದ ಅತ್ತೆಯನ್ನೋ ದೊಡ್ಡಮ್ಮನನ್ನೋ ಕಂಡು ಬೆಳೆದ ಹಿರಿಯ ಹೆಂಗಸರು ಸುಮ್ಮನಿರುತ್ತಾರೆ. ತೀರ್ಪನ್ನು 30ನೇ ಅಧ್ಯಾಯದವರೆಗೆ ತಡೆಹಿಡಿಯಿರಿ. ಅಲ್ಲಿ ಎಲಿಜಬೆತ್ ಗೆಳತಿಯ ಮನೆಗೆ ಹೋಗಿದ್ದಾಳೆ. ಮನೆಯಲ್ಲಿ ಇನ್ನೂ ದೊಡ್ಡ, ಬೆಳಕಿನ ಕೋಣೆ ಇದ್ದರೂ ಶಾರ್ಲೆಟ್ ಹಗಲೆಲ್ಲ ಕೂರಲು ಹಿಂಬದಿಯ ಕೋಣೆಯನ್ನು ಆರಿಸಿಕೊಂಡಿದ್ದಾಳೆ. ಯಾಕೆಂದು ಎಲಿಜಬೆತ್ ಮೊದಲು ಬೆರಗಾಗುತ್ತಾಳೆ, ಆಮೇಲೆ ಅವಳಿಗೆ ಹೊಳೆಯುತ್ತದೆ. ರಸ್ತೆ ಕಾಣುವ ಕೋಣೆ ಗಂಡನದು; ಹೆಂಡತಿಯ ಕೋಣೆಯೂ ಅಷ್ಟೇ ಚೆನ್ನಾಗಿದ್ದರೆ ಅವನು ದಿನವಿಡೀ ಇಲ್ಲೇ ಬಂದು ಕೂರುತ್ತಿದ್ದ. ಶಾರ್ಲೆಟ್ ಮನೆಯನ್ನು ಪಡೆದಳು, ಅದಕ್ಕೆ ತೆತ್ತದ್ದು ಏನೆಂಬುದು ಆ ಹಿಂದಿನ ಕೋಣೆಯಲ್ಲಿದೆ. ಅವಳನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅವಳ ದಾರಿ ಹಿಡಿ ಎಂದು ಯಾವ ಹುಡುಗಿಗೂ ಹೇಳಲಾರೆ.

34ರಲ್ಲಿ ಡಾರ್ಸಿ ಕೇಳುತ್ತಾನೆ. ಪ್ರೀತಿಸುತ್ತೇನೆ ಎನ್ನುತ್ತಾನೆ, ಜೊತೆಗೆ ನಿನ್ನ ಮನೆತನ ನನ್ನದಕ್ಕಿಂತ ಎಷ್ಟು ಕೆಳಗಿನದು, ಇದಕ್ಕಾಗಿ ನಾನು ನನ್ನೊಡನೆ ಎಷ್ಟು ಗುದ್ದಾಡಿದೆ ಎಂದು ವಿಸ್ತರಿಸುತ್ತಾನೆ. ತನ್ನ ಬೇಡಿಕೆಗೆ ಇಲ್ಲ ಎಂಬ ಉತ್ತರ ಬಂದೀತೆಂಬ ಯೋಚನೆಯೇ ಅವನ ಮುಖದಲ್ಲಿಲ್ಲ. ನಲವತ್ತರವಳು ಹತ್ತು ಸಾವಿರವನ್ನು ನೂಕುತ್ತಾಳೆ. ಅವಳ ಉತ್ತರದಲ್ಲಿ ಅವನ ಹಣದ ಪ್ರಸ್ತಾಪ ಒಮ್ಮೆಯೂ ಬರುವುದಿಲ್ಲ. ಅಕ್ಕ ಜೇನ್‌ಳನ್ನು ಬಿಂಗ್ಲಿಯಿಂದ ದೂರಮಾಡಿ ಅವಳ ಸುಖ ಹಾಳುಮಾಡಿದೆ, ನಿನ್ನ ತಂದೆಯ ಆಶ್ರಯದಲ್ಲಿ ಬೆಳೆದ ವಿಕಮ್‌ಗೆ ಅನ್ಯಾಯ ಮಾಡಿದೆ, ಕೇಳಿದ ರೀತಿಯೂ ಸಭ್ಯನದಲ್ಲ ಎಂಬುದಷ್ಟೇ ಅವಳ ದೂರು. 19ರಲ್ಲಿ ಕೇಳಿದವನೂ 34ರಲ್ಲಿ ಕೇಳಿದವನೂ ಅವಳ ಬಡತನವನ್ನು ಒತ್ತೆಯಿಟ್ಟು ಒಪ್ಪಿಗೆ ಸಿಕ್ಕೇ ಸಿಗುತ್ತದೆಂದು ನಂಬಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಈ ಹೋಲಿಕೆ ತಾನಾಗಿ ಎದ್ದುಬರುತ್ತದೆ.

ಹಂತ 4: ಗಂಡಸರ ಪುಟವನ್ನೂ ತೆರೆಯಿರಿ

ದುಡ್ಡು ನೋಡಿ ಮದುವೆಯಾಗುವವರು ಹೆಣ್ಣುಮಕ್ಕಳು ಮಾತ್ರ ಎಂದುಕೊಂಡವರು ವಿಕಮ್‌ನ ಹೆಸರಿಗೆ ಒಂದು ಹಾಳೆ ಮೀಸಲಿಡಬೇಕು. 16ನೇ ಅಧ್ಯಾಯದಲ್ಲಿ ಅವನು ಹೇಳುವ ಲೆಕ್ಕವನ್ನು ಪೆನ್ಸಿಲಿನಲ್ಲೇ ಬರೆಯಿರಿ, ಪಕ್ಕಕ್ಕೆ ಪ್ರಶ್ನೆ ಚಿಹ್ನೆ ಹಾಕಿ. 35ನೇ ಅಧ್ಯಾಯದ ಡಾರ್ಸಿಯ ಪತ್ರ ಬಂದ ಮೇಲೆ ಅಳಿಸಿ ಸರಿಯಾದದ್ದನ್ನು ಶಾಯಿಯಲ್ಲಿ ಬರೆಯಿರಿ: ಡಾರ್ಸಿಯ ತಂದೆಯ ಉಯಿಲಿನಿಂದ 1,000 ಪೌಂಡ್, ಕೊಡಬೇಕೆಂದಿದ್ದ ಪಾದ್ರಿ ಹುದ್ದೆಯ ಹಕ್ಕು ಬಿಟ್ಟುಕೊಟ್ಟದ್ದಕ್ಕೆ 3,000. ಎಲಿಜಬೆತಳ ನೂರು ವರ್ಷದ ಬಡ್ಡಿಯಷ್ಟು ಹಣ ಅವನ ಕೈಯಲ್ಲಿ ಕೆಲವೇ ವರ್ಷಗಳಲ್ಲಿ ಕರಗಿತು. ಆಮೇಲೆ ಹದಿನೈದರ ಜಾರ್ಜಿಯಾನಾಳನ್ನು ಓಡಿಸಿಕೊಂಡು ಹೋಗುವ ಹೊಂಚು. ಅವಳ ಗಂಟು 30,000. ನಂತರ ಮಿಸ್ ಕಿಂಗ್, 10,000.

ಈ ನಡುವೆ 27ನೇ ಅಧ್ಯಾಯದಲ್ಲಿ ಎಲಿಜಬೆತ್ ಸೋದರಮಾವನ ಹೆಂಡತಿ ಗಾರ್ಡಿನರ್‌ಗೆ ಒಂದು ಪ್ರಶ್ನೆ ಹಾಕುತ್ತಾಳೆ: ಮದುವೆಯ ವಿಷಯದಲ್ಲಿ ಹಣದಾಸೆ ಎಲ್ಲಿ ಶುರುವಾಗುತ್ತದೆ, ವಿವೇಕ ಎಲ್ಲಿ ಮುಗಿಯುತ್ತದೆ? ಅಡಿಗೆರೆ ಹಾಕಿಡಿ. ಶಾರ್ಲೆಟ್‌ಳಿಗೆ ಅಷ್ಟು ಕಟುವಾಗಿದ್ದ ಎಲಿಜಬೆತ್, ತನಗೆ ಇಷ್ಟವಾಗಿದ್ದ ವಿಕಮ್‌ನನ್ನು ಇಲ್ಲಿ ಸಲೀಸಾಗಿ ಮಾಫಿ ಮಾಡುತ್ತಾಳೆ. 33ರಲ್ಲಿ ಡಾರ್ಸಿಯ ಸೋದರಸಂಬಂಧಿ ಕರ್ನಲ್ ಫಿಟ್ಜ್‌ವಿಲಿಯಂ, ಕಿರಿಯ ಮಗನಾದ ತಾನು ಹಣದ ಕಡೆ ನೋಡದೆ ಮದುವೆಯಾಗುವಂತಿಲ್ಲ ಎಂದು ಮೆಲ್ಲಗೆ ತಿಳಿಸುತ್ತಾನೆ. ಅಲ್ಲಿನ ಪದ್ಧತಿಯಲ್ಲಿ ಎಸ್ಟೇಟು ಹಿರಿಮಗನಿಗೆ.

ಹಂತ 5: ಪೆಂಬರ್ಲಿಯಲ್ಲಿ ಮನೆಯ ಉಸ್ತುವಾರಿಯಾಕೆಯ ಮಾತು ಕೇಳಿ

43ನೇ ಅಧ್ಯಾಯದಲ್ಲಿ ಎಲಿಜಬೆತ್ ಡಾರ್ಸಿಯ ಎಸ್ಟೇಟು ಪೆಂಬರ್ಲಿಯನ್ನು ನೋಡಲು ಹೋಗುತ್ತಾಳೆ. ಇಲ್ಲಿಗೆ ಬಂದಾಗ “ಮನೆ ನೋಡಿ ಮನಸ್ಸು ಬದಲಾಯಿಸಿದಳು” ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಎಲಿಜಬೆತಳೇ 59ರಲ್ಲಿ ಅಕ್ಕನ ಮುಂದೆ ತಮಾಷೆಗೆ ಹಾಗೆ ಹೇಳುವುದರಿಂದ ಈ ತಪ್ಪು ಬೇರೂರಿದೆ. ಪೆಂಬರ್ಲಿಯ ಕಾಡು, ಹೊಳೆ, ಗುಡ್ಡ ಕಂಡು ಇದರ ಒಡತಿಯಾಗುವುದೆಂದರೆ ಸಣ್ಣದಲ್ಲ ಎಂದು ಅವಳಿಗೆ ಅನಿಸುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವಳು ಕದಲುವುದು ಮನೆಯ ಉಸ್ತುವಾರಿ ನೋಡುವ ರೆನಾಲ್ಡ್ಸ್ ಎಂಬ ಹಿರಿಯಾಕೆಯ ಮಾತಿಗೆ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ನೋಡಿದ್ದೇನೆ, ಒಂದು ಬಿರುನುಡಿ ಆಡಿದವರಲ್ಲ, ಇವರಂಥ ಧಣಿ ಇನ್ನೊಬ್ಬರಿಲ್ಲ ಎನ್ನುತ್ತಾಳೆ. ಅದನ್ನು ಕೇಳಿಸಿಕೊಂಡ ಎಲಿಜಬೆತ್ ಅವನ ಚಿತ್ರಪಟದ ಮುಂದೆ ನಿಂತು, ಅಣ್ಣನಾಗಿ, ಜಮೀನುದಾರನಾಗಿ, ಒಡೆಯನಾಗಿ ಎಷ್ಟು ಜನರ ಸುಖದುಃಖ ಇವನ ಕೈಯಲ್ಲಿದೆ ಎಂದು ಯೋಚಿಸುತ್ತಾಳೆ.

ಇಲ್ಲಿಯವರೆಗೆ ನಿಮ್ಮ ವಹಿಯಲ್ಲಿ ಇದ್ದದ್ದು ಯಾರಿಗೆ ಎಷ್ಟಿದೆ ಎಂಬ ಲೆಕ್ಕ. ಈಗ ಹೊಸ ಅಂಕಣ ತೆರೆಯಿರಿ: ಇದ್ದದ್ದನ್ನು ಯಾರು ಹೇಗೆ ಬಳಸಿದರು. ತಂದೆ ಬೆನೆಟ್, ವಿಕಮ್, ಲೇಡಿ ಕ್ಯಾಥರೀನ್, ಡಾರ್ಸಿ, ಎಲ್ಲರನ್ನೂ ಅದರಲ್ಲಿ ಮತ್ತೆ ಬರೆಯಿರಿ. ಆಸ್ಟೆನ್ ಹಣವನ್ನು ಎಲ್ಲೂ ಹಳಿಯುವುದಿಲ್ಲ; ಹಣ ಕೈಯಲ್ಲಿದ್ದಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂದು ನೋಡುತ್ತಾಳೆ. ಎಲಿಜಬೆತ್ ಒಲಿಯುವುದು ಈ ಹೊಸ ಅಂಕಣ ನೋಡಿ.

ಹಂತ 6: ಲಿಡಿಯಾಳ ಮದುವೆಯ ಬಿಲ್ಲು

46ರಿಂದ 52ರವರೆಗೆ ಕತೆ ಓಡುತ್ತದೆ, ನೀವೂ ಅದರ ಜೊತೆ ಓಡುತ್ತೀರಿ. ಅಂಕಿಗಳು ತಪ್ಪಿಹೋಗದಂತೆ ನೋಡಿಕೊಳ್ಳಿ.

ಎಲಿಜಬೆತಳ ಕೊನೆಯ ತಂಗಿ, ಹದಿನಾರರ ಲಿಡಿಯಾ, ವಿಕಮ್‌ನ ಜೊತೆ ಓಡಿಹೋಗಿದ್ದಾಳೆ. ಮೊದಲು ಎಲ್ಲರೂ ಅವರು ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಹೋಗಿರಬೇಕು ಎಂದುಕೊಳ್ಳುತ್ತಾರೆ. 1753ರ ವಿವಾಹ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ 21 ತುಂಬದವರು ಪರವಾನಗಿ ಪಡೆದು ಮದುವೆಯಾಗಬೇಕಾದರೆ ತಂದೆಯ ಒಪ್ಪಿಗೆ ಬೇಕಿತ್ತು. ಸ್ಕಾಟ್ಲೆಂಡಿಗೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ, ಗಡಿ ದಾಟಿದರೆ ಕೂಡಲೇ ಮದುವೆ. ಅವರು ಅಲ್ಲಿಗೆ ಹೋಗಿಲ್ಲ, ಲಂಡನ್ನಿನಲ್ಲೇ ಇದ್ದಾರೆ ಎಂದು ತಿಳಿದಾಗ ಮನೆಯವರ ಎದೆ ಒಡೆಯುವುದು ಅದಕ್ಕೇ: ವಿಕಮ್‌ಗೆ ಮದುವೆಯಾಗುವ ಉದ್ದೇಶವೇ ಇಲ್ಲ.

ಕೊನೆಗೆ ಅವನನ್ನು ಒಪ್ಪಿಸಿದ್ದರ ಲೆಕ್ಕ: ಸಾವಿರ ಪೌಂಡಿಗೂ ಬಹಳ ಮೇಲ್ಪಟ್ಟ ಸಾಲ ತೀರಿಸಿದ್ದು, ಲಿಡಿಯಾಳ ಸ್ವಂತ ಪಾಲಿನ ಮೇಲೆ ಇನ್ನೊಂದು 1,000 ಅವಳ ಹೆಸರಿಗೆ ಇಟ್ಟಿದ್ದು, ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಕೊಂಡುಕೊಟ್ಟದ್ದು. ಆಗ ಸೈನ್ಯದ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಿತ್ತು. ತಂದೆಯ ಕಡೆಯಿಂದ ವರ್ಷಕ್ಕೆ 100. ಈ ನೂರರಿಂದ ತನಗೆ ಆಗುವ ನಷ್ಟ ವರ್ಷಕ್ಕೆ ಹತ್ತು ಪೌಂಡೂ ಇಲ್ಲ ಎಂದು ಬೆನೆಟ್ ಲೆಕ್ಕ ಹಾಕುತ್ತಾನೆ. ಅಂದರೆ ಲಿಡಿಯಾಳೊಬ್ಬಳ ಊಟ, ಕೈಖರ್ಚು, ತಾಯಿ ಕದ್ದುಮುಚ್ಚಿ ಕೊಟ್ಟದ್ದು ಸೇರಿ ಈಗಾಗಲೇ ತೊಂಬತ್ತರಷ್ಟಾಗುತ್ತಿತ್ತು. ನಲವತ್ತರ ಮಕ್ಕಳು ಮನೆಯಲ್ಲಿ ತೊಂಬತ್ತರ ಹಾಗೆ ಬೆಳೆದಿದ್ದರು.

ಅವಳ ‘ಹೆಸರಿಗೆ’ ಇಡುವುದಕ್ಕೆ ಅಷ್ಟು ಒತ್ತು ಯಾಕೆ? ‘ಸೆಟಲ್‌ಮೆಂಟ್’ ಎಂದು ಬಂದಲ್ಲೆಲ್ಲ ನಮ್ಮ ಓದುಗರು ವರದಕ್ಷಿಣೆ ಎಂದು ಓದಿಕೊಳ್ಳುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಗೆ ಗಂಡನಿಂದ ಬೇರೆಯಾದ ವ್ಯಕ್ತಿತ್ವವಿರಲಿಲ್ಲ. ತಾಳಿ ಕಟ್ಟಿದ ಕ್ಷಣದಿಂದ ಅನ್ನೋಣ, ಅವಳ ನಗದೆಲ್ಲ ಅವನದು. ಅದನ್ನು ಬದಲಿಸಿದ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ಅಲ್ಲಿಯವರೆಗೆ, ಅವನು ಮುಟ್ಟದಂತೆ ಅವಳಿಗೂ ಮಕ್ಕಳಿಗೂ ಒಂದಷ್ಟನ್ನು ಕಾದಿಡಲು ಮದುವೆಗೆ ಮುಂಚೆ ಬರೆಸುತ್ತಿದ್ದ ಪತ್ರ ಈ ಸೆಟಲ್‌ಮೆಂಟ್. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಸ್ತ್ರೀಧನ.

ಇದೆಲ್ಲವನ್ನೂ ಕೊಟ್ಟವನು ಸೋದರಮಾವ ಗಾರ್ಡಿನರ್ ಎಂದು ಮನೆಯವರೆಲ್ಲ ನಂಬಿರುತ್ತಾರೆ. ಕೊಟ್ಟವನು ಡಾರ್ಸಿ. ತನ್ನನ್ನು ನಿರಾಕರಿಸಿದವಳಿಗಾಗಿ, ತಾನು ಹೇಸುವ ವಿಕಮ್‌ನ ಬಾಗಿಲಿಗೆ ತಾನೇ ಹೋಗಿ ಚೌಕಾಸಿ ಮಾಡಿ, ಯಾರಿಗೂ ಹೇಳಕೂಡದೆಂದು ಕಟ್ಟುಮಾಡಿದ. 52ನೇ ಅಧ್ಯಾಯದ ಪತ್ರದಲ್ಲಿ ಈ ಸಂಗತಿ ಬಯಲಾಗುತ್ತದೆ. 34ರಲ್ಲಿ ಪ್ರೀತಿಯ ಬಗ್ಗೆ ಅಷ್ಟು ಮಾತನಾಡಿದ ಮನುಷ್ಯ ಇಲ್ಲಿ ಬಾಯಿ ಬಿಡದೆ ಬಿಲ್ಲು ಕಟ್ಟಿದ್ದಾನೆ. ನನ್ನ ಮಟ್ಟಿಗೆ ಈ ಕಾದಂಬರಿಯ ನಿಜವಾದ ಪ್ರೇಮಪತ್ರ ಆ ಲೆಕ್ಕಪಟ್ಟಿ.

ಹಂತ 7: ಕೊನೆಯ ಅಧ್ಯಾಯಗಳು, ಮತ್ತು ಕೂಟದಲ್ಲಿ ಓದುವ ಬಗೆ

56ರಲ್ಲಿ ಲೇಡಿ ಕ್ಯಾಥರೀನ್ ಬಂದು ಗದರುವುದು, 58ರಲ್ಲಿ ಡಾರ್ಸಿ ಎರಡನೇ ಸಲ ಕೇಳುವುದು ವಿವರಣೆಯಿಲ್ಲದೆ ಓದಿಸಿಕೊಳ್ಳುತ್ತವೆ. 59ರಲ್ಲಿ ನಿಧಾನಿಸಿ. ಸುದ್ದಿ ಕೇಳಿದ ತಾಯಿ ಹತ್ತು ಸಾವಿರ, ಒಡವೆ, ಗಾಡಿ ಎಂದು ಎಣಿಸತೊಡಗುತ್ತಾಳೆ. ತಂದೆ ಮಾತ್ರ ಮಗಳನ್ನು ಪುಸ್ತಕದ ಕೋಣೆಗೆ ಕರೆದು, ಗೌರವಿಸಲಾಗದ ಗಂಡನೊಡನೆ ನೀನು ಸುಖವಾಗಿರಲಾರೆ ಎನ್ನುತ್ತಾನೆ. ತನ್ನ ದಾಂಪತ್ಯದಿಂದ ಕಲಿತದ್ದನ್ನೇ ಹೇಳುತ್ತಿದ್ದಾನೆ. 42ರ ಆರಂಭದಲ್ಲಿ ಅದರ ಹಿನ್ನೆಲೆ ಇದೆ, ತಿರುಗಿಸಿ ನೋಡಿ. ಅವಳು ಡಾರ್ಸಿಯ ಗುಣಗಳನ್ನು ವಿವರಿಸಿದ ಮೇಲೆಯೇ ಅವನ ಮನಸ್ಸು ಹಗುರವಾಗುವುದು.

ಕೂಟದಲ್ಲಿ ಓದುವವರು ಮೂರು ಸಂಪುಟಕ್ಕೆ ಮೂರು ಸಭೆ ಇಟ್ಟುಕೊಳ್ಳಿ, ನಡುವೆ ಮೂರು ವಾರವಾದರೂ ಬಿಡುವಿರಲಿ. ಓದು ಇಂಗ್ಲಿಷಿನಲ್ಲಾದರೂ ಮಾತು ಕನ್ನಡದಲ್ಲೇ ಆಗಲಿ. ಶಾರ್ಲೆಟ್‌ಳ ವಿಷಯ ಹಿರಿಯರು ಮನಬಿಚ್ಚಿ ಮಾತಾಡುವುದು ಹಾಗಾದಾಗ. ಒಬ್ಬೊಬ್ಬರಿಗೆ ಒಂದೊಂದು ಪಾತ್ರದ ವಹಿ ಒಪ್ಪಿಸಿ. ಕೂಟದಲ್ಲಿರುವವರ ಮನೆಯ ಮದುವೆ, ಬಯೋಡೇಟಾ, ಡೊಂಬಿವಲಿಯ ಸ್ವಂತ ಫ್ಲ್ಯಾಟು, ಪಗಡಿ ರೂಮು ಇವುಗಳನ್ನು ಹೆಸರು ಹಿಡಿದು ಎಳೆಯಬೇಡಿ; ಒಮ್ಮೆ ನೊಂದವರು ಮುಂದಿನ ಸಭೆಗೆ ಬರುವುದಿಲ್ಲ. ಮೂರನೆಯ ಸಭೆಯಲ್ಲಿ 59ರ ಸಂಭಾಷಣೆಯನ್ನು ಗಟ್ಟಿಯಾಗಿ ಓದಲು ಇಬ್ಬರನ್ನು ಮೊದಲೇ ಗೊತ್ತುಮಾಡಿಡಿ, ಒಬ್ಬರು ತಂದೆಗೆ, ಒಬ್ಬರು ಮಗಳಿಗೆ. ತಂದೆಯ ಪಾಲಿಗೆ ಮದುವೆ ವಯಸ್ಸಿನ ಮಗಳಿರುವವರು ಸಿಕ್ಕಿದರೆ ಅವರಿಗೇ ಕೊಡಿ.